ಅಜ್ಜಿಯ ತುಳು ಕಲಿಯುವುದು ಹೇಗೆ? ‘ಕೇಳಿದ್ರೆ ಅರ್ಥ ಆಗುತ್ತೆ, ಮಾತಾಡೋಕೆ ಬರಲ್ಲ’ ಅನ್ನುವವರಿಗೆ

ಅಜ್ಜಿಮನೆ ಕಾರ್ಕಳದ ಹತ್ತಿರ. ನಾವಿದ್ದದ್ದು ಬೆಂಗಳೂರಿನಲ್ಲಿ. ಅಪ್ಪ ಹಾಸನದ ಕಡೆಯವರು, ಅವರಿಗೆ ತುಳು ಬಾರದು. ಹಾಗಾಗಿ ಮನೆಯಲ್ಲಿ ಕನ್ನಡವೇ. ಬೇಸಿಗೆ ರಜೆಗೆ ಊರಿಗೆ ಹೋದಾಗ ಅಜ್ಜಿ ಮಾತುಮಾತಿಗೂ ‘ಇಲ್ಲ್’ ಅನ್ನುತ್ತಿದ್ದರು. ಪಾಪ, ಈ ಮನೆಯಲ್ಲಿ ಏನು ಕೇಳಿದರೂ ಇಲ್ಲವಲ್ಲ ಅಂದುಕೊಳ್ಳುತ್ತಿದ್ದೆ. ತುಳುವಿನಲ್ಲಿ ಇಲ್ಲ್ ಅಂದರೆ ಮನೆ. ‘ಇಲ್ಲ’ ಅನ್ನೋದಕ್ಕೆ ಅವರು ಇಜ್ಜಿ ಅಂತಾರೆ. ‘ಇಲ್ಲಡ್ ಏರ್ಲಾ ಇಜ್ಜೆರ್’ ಅಂದರೆ ಮನೆಯಲ್ಲಿ ಯಾರೂ ಇಲ್ಲ. ಇಷ್ಟು ತಿಳಿದಾಗ ನನಗೆ 10 ವರ್ಷ. ನಾನೇ ಒಂದು ವಾಕ್ಯ ಕಟ್ಟಿ ಅಜ್ಜಿಯ ಎದುರು ಹೇಳಿದಾಗ 34.

ನಡುವಿನ ಅಷ್ಟೂ ವರ್ಷ ಯಾರಾದರೂ ‘ನಿಮಗೆ ತುಳು ಬರುತ್ತಾ?’ ಅಂತ ಕೇಳಿದರೆ ನನ್ನದು ಒಂದೇ ಉತ್ತರ: ಕೇಳಿದ್ರೆ ಅರ್ಥ ಆಗುತ್ತೆ, ಮಾತಾಡೋಕೆ ಬರಲ್ಲ. ಈ ಉತ್ತರ ನಿಮ್ಮದೂ ಆಗಿದ್ದರೆ ಮುಂದೆ ಓದಿ. ನಿಮ್ಮ ಮನೆಮಾತು ತುಳುವೇ ಆಗಬೇಕಿಲ್ಲ. ಕೊಂಕಣಿ, ಕೊಡವ ತಕ್ಕ್, ಬ್ಯಾರಿ, ಅರೆಭಾಷೆ, ಸಂಕೇತಿ, ಯಾವುದಾದರೂ ಸರಿ. ನಾನು ಕಲಿತದ್ದು ತುಳು, ಅದಕ್ಕೇ ಉದಾಹರಣೆಗಳೆಲ್ಲ ತುಳುವಿನವು.

ತುಳು ಸಣ್ಣ ಭಾಷೆಯೇನಲ್ಲ. 2011ರ ಜನಗಣತಿಯಲ್ಲಿ 18.46 ಲಕ್ಷ ಜನ ತಮ್ಮ ತಾಯ್ನುಡಿ ತುಳು ಅಂತ ಬರೆಸಿದ್ದಾರೆ. ಸಿನಿಮಾ ಇದೆ, ನಾಟಕ ಇದೆ, ತುಳು ಯಕ್ಷಗಾನ ಇದೆ. ಇಷ್ಟೆಲ್ಲ ಇದ್ದರೂ ಒಂದು ಮನೆಯೊಳಗೆ ಅದು ಒಂದೇ ತಲೆಮಾರಿನಲ್ಲಿ ನಿಂತುಹೋಗಬಹುದು. ನಮ್ಮ ಮನೆಯಲ್ಲಿ ಆದದ್ದು ಹಾಗೇ. ಯಾರೂ ಬೇಡ ಅನ್ನಲಿಲ್ಲ, ಯಾರೂ ಬೇಕು ಅಂತಲೂ ಅನ್ನಲಿಲ್ಲ.

ಮೊದಲು ತಿಳಿಯಬೇಕಾದ್ದು: ಯಾರ ತುಳು?

ನಾನು ಮಾಡಿದ ಮೊದಲ ತಪ್ಪು, ‘ತುಳು ಕಲಿಯುತ್ತೇನೆ’ ಅಂತ ಹೊರಟದ್ದು. ಆನ್‌ಲೈನ್‌ನಲ್ಲಿ ಸಿಕ್ಕ ಪದಪಟ್ಟಿ ಬಾಯಿಪಾಠ ಮಾಡಿ ಅಜ್ಜಿಗೆ ಒಪ್ಪಿಸಿದೆ. ಅವರು ಅರ್ಧಕ್ಕೆ ನಿಲ್ಲಿಸಿ, ‘ಇದು ನಮ್ಮ ಮಾತಲ್ಲ ಮಗಾ’ ಅಂದರು.

ಅವರು ಹೇಳಿದ್ದು ನಿಜ. ತುಳು ಊರಿಂದೂರಿಗೆ ಬೇರೆ, ಸಮುದಾಯದಿಂದ ಸಮುದಾಯಕ್ಕೆ ಬೇರೆ. ತಲೆಗೆ ಒಂದು ಕಡೆ ತರೆ ಅಂದರೆ ಇನ್ನೊಂದು ಕಡೆ ಸರೆ, ಮತ್ತೊಂದು ಕಡೆ ಹರೆ. ಮಾಡು ಅನ್ನೋದಕ್ಕೆ ಕೆಲವರು ಮಲ್ಪು, ಕೆಲವರು ಮನ್ಪು. ಬ್ರಾಹ್ಮಣರ ಮನೆಯ ತುಳುವಿನಲ್ಲಿ ಣ, ಳ ಸ್ಪಷ್ಟವಾಗಿ ಉಳಿದಿವೆ. ಉಳಿದವರ ಬಾಯಲ್ಲಿ ಅವು ಹೆಚ್ಚಾಗಿ ನ, ಲ ಆಗುತ್ತವೆ. ಊಟಕ್ಕೆ ಪುಸ್ತಕದಲ್ಲಿ ಒಣಸ್ ಅಂತಿರುತ್ತದೆ, ನಮ್ಮ ಅಜ್ಜಿಗೆ ಅದು ಒನಸ್. ಇದರಲ್ಲಿ ಸರಿ ತಪ್ಪು ಇಲ್ಲ. ಆದರೆ ನಾಲ್ಕು ಕಡೆಯ ತುಳು ಕಲಸಿ ಮಾತಾಡಿದರೆ ಎಲ್ಲರಿಗೂ ನೀವು ಹೊರಗಿನವರ ಹಾಗೆ ಕೇಳಿಸುತ್ತೀರಿ.

ಆದ್ದರಿಂದ ಮೊದಲ ಕೆಲಸ, ಒಂದು ಹಾಳೆಯಲ್ಲಿ ಮೂರು ವಿಷಯ ಬರೆದುಕೊಳ್ಳುವುದು. ನಿಮ್ಮ ಮನೆಯಲ್ಲಿ ಈ ಭಾಷೆ ಆಡುವವರು ಯಾರು ಉಳಿದಿದ್ದಾರೆ? ಅವರು ಹುಟ್ಟಿ ಬೆಳೆದದ್ದು ಯಾವ ಊರು? ಮದುವೆಯಾಗಿ ಬಂದದ್ದು ಎಲ್ಲಿಗೆ? ಮೂರನೆಯದನ್ನು ಬಿಡಬೇಡಿ. ನನ್ನ ಅಜ್ಜಿ ಹುಟ್ಟಿದ್ದು ಬೆಳ್ತಂಗಡಿ ಕಡೆ. 60 ವರ್ಷ ಕಾರ್ಕಳದಲ್ಲಿದ್ದರೂ ಸಿಟ್ಟು ಬಂದಾಗ ತವರಿನ ತುಳುವೇ ಬರುತ್ತದೆ ಅಂತ ಅಮ್ಮ ನಗುತ್ತಾರೆ.

ಒಬ್ಬರನ್ನು ಹಿಡಿಯಿರಿ, ಒಪ್ಪಂದ ಮಾಡಿಕೊಳ್ಳಿ

ಮನೆಮಾತು ಕಲಿಯುವಾಗ ಎದುರಾಗುವ ದೊಡ್ಡ ಅಡ್ಡಿ ವ್ಯಾಕರಣ ಅಲ್ಲ. ಪ್ರೀತಿ! ನೀವು ತಡವರಿಸಿದ ತಕ್ಷಣ ಅಜ್ಜಿ ಕನ್ನಡಕ್ಕೆ ಹೊರಳುತ್ತಾರೆ. ಮೊಮ್ಮಗುವಿಗೆ ಕಷ್ಟ ಆಗಬಾರದು ಅನ್ನುವ ಆಸೆ ಅವರಿಗೆ. ಎರಡು ನಿಮಿಷದಲ್ಲಿ ಇಬ್ಬರೂ ಕನ್ನಡದಲ್ಲಿ ಹರಟುತ್ತಿರುತ್ತೀರಿ, ಫೋನ್ ಇಟ್ಟ ಮೇಲೆ ನೆನಪಾಗುತ್ತದೆ.

ಇದಕ್ಕೆ ಮದ್ದು, ಮೊದಲೇ ಮಾತಾಡಿ ಒಪ್ಪಿಸಿಕೊಳ್ಳುವುದು. ನಮ್ಮ ಒಪ್ಪಂದ ಹೀಗಿತ್ತು: ದಿನಾ ಸಂಜೆ ಚಹಾ ಆದ ಮೇಲೆ 15 ನಿಮಿಷ ಫೋನ್. ಆ 15 ನಿಮಿಷ ನಾನು ಕನ್ನಡದಲ್ಲಿ ಕೇಳಿದರೂ ಅಜ್ಜಿ ತುಳುವಿನಲ್ಲೇ ಹೇಳಬೇಕು. ನನ್ನ ತಪ್ಪನ್ನೆಲ್ಲ ತಿದ್ದುವುದು ಬೇಡ, ಅರ್ಥ ಕೆಟ್ಟಾಗ ಮಾತ್ರ ತಿದ್ದಿದರೆ ಸಾಕು. 15 ನಿಮಿಷ ಮುಗಿದ ಮೇಲೆ ಕನ್ನಡದಲ್ಲಿ ಎಷ್ಟು ಬೇಕಾದರೂ ಹರಟಬಹುದು. ಕೊನೆಯ ಷರತ್ತು ಅಜ್ಜಿಯದೇ, ಇಲ್ಲದಿದ್ದರೆ ಅವರಿಗೆ ಊರ ಸುದ್ದಿ ಹೇಳಿದ ಹಾಗೇ ಆಗುವುದಿಲ್ಲವಂತೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೂಲನಿವಾಸಿಗಳ ಭಾಷೆ ಆಡುವವರು ಬೆರಳೆಣಿಕೆಯಷ್ಟಾದಾಗ 1990ರ ದಶಕದಲ್ಲಿ ಇಂಥದ್ದೇ ಒಂದು ಪದ್ಧತಿ ಶುರುವಾಯಿತು. ಭಾಷೆ ಬಲ್ಲ ಹಿರಿಯರೊಬ್ಬರು, ಕಲಿಯುವ ಕಿರಿಯರೊಬ್ಬರು. ಒಟ್ಟಿಗೆ ಅಡುಗೆ ಮಾಡು, ಬಟ್ಟೆ ಒಗೆ, ನಡೆದಾಡು. ಇಂಗ್ಲಿಷ್ ಮಾತ್ರ ಬೇಡ, ತಿಳಿಯದಿದ್ದರೆ ಕೈಸನ್ನೆ ಮಾಡು. ನಮ್ಮಲ್ಲಿ ಅಷ್ಟು ಕಟ್ಟುನಿಟ್ಟು ಬೇಕಿಲ್ಲ, ಹಿರಿಯರು ಇನ್ನೂ ಇದ್ದಾರೆ. ಆದರೆ ಆ ‘ಒಬ್ಬರಿಗೆ ಒಬ್ಬರು’ ಅನ್ನೋದು ಮುಖ್ಯ. ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ‘ನನಗೆ ಎಲ್ಲರೂ ತುಳು ಕಲಿಸಿ’ ಅಂತ ಹಾಕಿದರೆ ಹೆಬ್ಬೆಟ್ಟಿನ ಚಿತ್ರ ಬರುತ್ತದೆ ಅಷ್ಟೇ.

ಮೊದಲ ವಾರ ಕಲಿಯಬೇಕಾದ್ದು ಈ ಐದು ವಾಕ್ಯ ಮಾತ್ರ. ಇವಿದ್ದರೆ ಮಾತು ಕನ್ನಡಕ್ಕೆ ಜಾರುವುದಿಲ್ಲ:

ತುಳುಟೇ ಪನ್ಲೆ – ತುಳುವಿನಲ್ಲೇ ಹೇಳಿ
ನನೊರ ಪನ್ಲೆ – ಇನ್ನೊಂದು ಸಲ ಹೇಳಿ
ಮೆಲ್ಲ ಪನ್ಲೆ – ನಿಧಾನವಾಗಿ ಹೇಳಿ
ಉಂದೆಕ್ ದಾದ ಪನ್ಪೆರ್? – ಇದಕ್ಕೆ ಏನಂತಾರೆ?
ಎಂಕ್ ಅರ್ಥ ಆಯಿಜಿ – ನನಗೆ ಅರ್ಥ ಆಗಲಿಲ್ಲ

ರೆಕಾರ್ಡ್ ಮಾಡಿ, ಆದರೆ ‘ನಿಮ್ಮ ಜೀವನ ಹೇಳಿ’ ಅನ್ನಬೇಡಿ

ಮೊಬೈಲ್‌ನ ವಾಯ್ಸ್ ರೆಕಾರ್ಡರ್ ಸಾಕು, ದುಬಾರಿ ಮೈಕ್ ಬೇಡ. ಕೇಳಿಯೇ ರೆಕಾರ್ಡ್ ಮಾಡಿ, ಕದ್ದು ಮಾಡಬೇಡಿ. ಫ್ಯಾನ್ ಆರಿಸಿ. ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಮಾತಿನ ಮಧ್ಯೆ ಯಾವುದೋ ಸಾಲದ ಕರೆ ಬರುತ್ತದೆ. ಒಂದು ಸಲಕ್ಕೆ 10 ನಿಮಿಷ ಮೀರದಿರಲಿ. ಫೈಲಿಗೆ ಆಗಲೇ ಹೆಸರು ಕೊಡಿ: ದಿನಾಂಕ, ಯಾರು, ಯಾವ ವಿಷಯ. ‘ರೆಕಾರ್ಡಿಂಗ್ 47’ ಅಂತ ಬಿಟ್ಟರೆ ಮುಂದೆ ಹುಡುಕಿದರೂ ಸಿಗಲ್ಲ.

ಏನು ಕೇಳಬೇಕು ಅನ್ನೋದರಲ್ಲಿ ನಾನು ಎಡವಿದ್ದೆ. ‘ಅಜ್ಜಿ, ನಿಮ್ಮ ಬಾಲ್ಯದ ಬಗ್ಗೆ ಹೇಳಿ’ ಅಂದೆ. ಅಜ್ಜಿ ಸೆರಗು ಸರಿಮಾಡಿಕೊಂಡು, ಶಾಲೆಯ ಭಾಷಣದ ಹಾಗೆ, ಶುದ್ಧ ಪುಸ್ತಕದ ಕನ್ನಡದಲ್ಲಿ ನಾಲ್ಕು ಮಾತು ಹೇಳಿ ಮುಗಿಸಿದರು. ಮರುದಿನ ಅಡುಗೆಮನೆಯಲ್ಲಿ ಕೂತು ‘ಉಪ್ಪಡ್ ಪಚ್ಚಿಲ್ ಹೇಗೆ ಹಾಕ್ತಿದ್ದಿರಿ?’ ಅಂತ ಕೇಳಿದೆ. ಸುಮ್ನೆ ಕೇಳಿದ್ದು. ಅರ್ಧ ಗಂಟೆ ನಿಲ್ಲಲೇ ಇಲ್ಲ.

ಉಪ್ಪಡ್ ಪಚ್ಚಿಲ್ ಅಂದರೆ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ. ಬೇಸಿಗೆಯಲ್ಲಿ ಬಲಿತ ಹಲಸಿನಕಾಯಿ ಕೊಯ್ದು, ತೊಳೆ ಬಿಡಿಸಿ, ಭರಣಿಯಲ್ಲಿ ಉಪ್ಪಿನ ಜತೆ ತುಂಬಿ, ಮೇಲೆ ಕಲ್ಲು ಹೇರುತ್ತಾರೆ. ಹೊರಗೆ ಕಾಲಿಡಲಾಗದ ಮಳೆ ಹಿಡಿದಾಗ, ತರಕಾರಿ ಇಲ್ಲದ ಆಟಿ ತಿಂಗಳಲ್ಲಿ, ಉಪ್ಪು ಬಿಡುವ ತನಕ ತೊಳೆದು ಅಡುಗೆಗೆ ತೆಗೆಯುತ್ತಾರೆ. ಆಟಿ ಬರುವುದು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಆ ಒಂದು ಮಾತುಕತೆಯಲ್ಲಿ ನನಗೆ ಸಿಕ್ಕ ಪದಗಳನ್ನು ನೋಡಿ: ಬರ್ಸ (ಮಳೆ), ಕಜಿಪು (ಪದಾರ್ಥ, ಸಾರು), ನುಪ್ಪು (ಅನ್ನ), ಅರಿ (ಅಕ್ಕಿ), ಮುಂಚಿ (ಮೆಣಸಿನಕಾಯಿ), ತಾರಾಯಿ (ತೆಂಗಿನಕಾಯಿ), ದಿಕ್ಕೆಲ್ (ಒಲೆ), ಗುವೆಲ್ (ಬಾವಿ). ಜತೆಗೆ ಹಾಕು, ತೊಳೆ, ಬೇಯಿಸು, ತೆಗೆ ಅನ್ನುವ ಕ್ರಿಯಾಪದಗಳೆಲ್ಲ ಭೂತಕಾಲದಲ್ಲಿ. ಆಮೇಲೆ ಅಜ್ಜಿ ತಾವಾಗಿಯೇ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಕುಡಿಸುವ ಪಾಲೆ ಮರದ ತೊಗಟೆಯ ಕಷಾಯಕ್ಕೆ ಹೋದರು. ಅದರ ಕಹಿಯಿಂದ ತಮ್ಮ ಅಣ್ಣ ತಪ್ಪಿಸಿಕೊಂಡು ಓಡಿದ್ದಕ್ಕೆ, ಅಣ್ಣನಿಂದ ಆ ಕಾಲದ ಬಡತನಕ್ಕೆ. ಕೇಳದೆಯೇ ಬಾಲ್ಯ ಪೂರ್ತಿ ಬಂತು, ಅದೂ ತುಳುವಿನಲ್ಲಿ.

ಹಾಗಾಗಿ ‘ಏನಾಯ್ತು’ ಅಂತ ಕೇಳುವುದಕ್ಕಿಂತ ‘ಹೇಗೆ ಮಾಡ್ತಿದ್ದಿರಿ’ ಅಂತ ಕೇಳಿ. ನೇಜಿ (ಭತ್ತದ ಸಸಿ) ನೆಡುವುದು, ಅಡಕೆ ಸುಲಿಯುವುದು, ಬೀಡಿ ಕಟ್ಟುವುದು, ಮದುವೆಗೆ ಅಡುಗೆ ಮಾಡುವುದು. ಕೈ ಕೆಲಸ ನೆನಪಾದರೆ ಬಾಯಿಗೆ ಮನೆಮಾತೇ ಬರುತ್ತದೆ.

ರೆಕಾರ್ಡ್ ಮಾಡಿದ್ದನ್ನು ಏನು ಮಾಡಬೇಕು? ಮೂರು ಸಲ ಕೇಳಿ. ಮೊದಲ ಸಲ ಸುಮ್ನೆ, ಪಾತ್ರೆ ತೊಳೆಯುತ್ತಾ. ಎರಡನೇ ಸಲ ಒಂದೇ ಒಂದು ನಿಮಿಷದ ತುಂಡನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ. ಒಂದು ನಿಮಿಷಕ್ಕೆ ನನಗೆ ಮೊದಮೊದಲು 40 ನಿಮಿಷ ಹಿಡಿಯುತ್ತಿತ್ತು, ಬೇಸರ ಬೇಡ. ಮೂರನೇ ಸಲ ಅಜ್ಜಿಯ ದನಿಯ ಹಿಂದೆಯೇ ನೀವೂ ಹೇಳುತ್ತಾ ಹೋಗಿ, ಅದೇ ಏರಿಳಿತದಲ್ಲಿ. ಬಸ್ಸಿನಲ್ಲಿ ಹೀಗೆ ಮಾಡಿದರೆ ಪಕ್ಕದವರು ಜಾಗ ಬದಲಿಸುತ್ತಾರೆ.

ಸಂಬಂಧಗಳ ಹೆಸರಿನಿಂದ ಶುರು ಮಾಡಿ

ಭಾಷಾ ಪುಸ್ತಕಗಳು ಬಣ್ಣ, ಹಣ್ಣು, ಅಂಕಿಗಳಿಂದ ಶುರುವಾಗುತ್ತವೆ. ಮನೆಮಾತಿಗೆ ಅದು ತಪ್ಪು ಬಾಗಿಲು ಅಂತ ನನ್ನ ಅನಿಸಿಕೆ. ಊರಿಗೆ ಹೋದರೆ ನಿಮ್ಮನ್ನು ಯಾರೂ ‘ನೇರಳೆ ಬಣ್ಣಕ್ಕೆ ಏನಂತಾರೆ’ ಅಂತ ಕೇಳುವುದಿಲ್ಲ. ‘ಈ ಏರೆನ ಬಾಲೆ?’ ಅಂತ ಕೇಳುತ್ತಾರೆ. ನೀನು ಯಾರ ಮಗು?

ಒಂದು ದೊಡ್ಡ ಹಾಳೆ ತೆಗೆದುಕೊಂಡು ವಂಶವೃಕ್ಷ ಬರೆಯಿರಿ. ಪ್ರತಿ ಹೆಸರಿನ ಕೆಳಗೆ ನೀವು ಅವರನ್ನು ಏನಂತ ಕರೆಯಬೇಕು ಅಂತ ತುಳುವಿನಲ್ಲಿ ಬರೆಯಿರಿ. ಇಲ್ಲಿ ಒಂದು ಗುಂಡಿ ಇದೆ, ನಾನು ಅದರಲ್ಲಿ ಬಿದ್ದಿದ್ದೇನೆ. ತುಳುವಿನಲ್ಲಿ ಅಪ್ಪೆ ಅಂದರೆ ತಾಯಿ. ಅಮ್ಮೆ ಅಂದರೆ ತಂದೆ! ನನ್ನ ಮೊದಲ ಪೂರ್ತಿ ತುಳು ವಾಕ್ಯ ‘ಅಮ್ಮೆ ಅಟಿಲ್ ಮಲ್ತೊಂದುಲ್ಲೆರ್.’ ಅಮ್ಮ ಅಡುಗೆ ಮಾಡುತ್ತಿದ್ದಾರೆ ಅಂತ ನನ್ನ ಲೆಕ್ಕ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಜ್ಜಿ, ‘ನಿನ್ನಪ್ಪ ಅಡುಗೆ ಮಾಡುದಾ? ಒಳ್ಳೇದಾಯ್ತು, ಈಗಲಾದ್ರೂ ಕಲಿತನಲ್ಲ’ ಅಂದರು. ಒಪ್ಪಂದ ಮುರಿದು, ಕನ್ನಡದಲ್ಲಿ. ಈಗ ಎಷ್ಟೋ ತುಳು ಮನೆಗಳಲ್ಲಿ ಕರೆಯುವಾಗ ಅಮ್ಮ, ಪಪ್ಪ ಅಂತಲೇ ಆಗಿದೆ. ಹಾಗಂತ ಈ ಎರಡು ಪದ ಮರೆಯುವಂತಿಲ್ಲ.

ಸೋದರಮಾವ ತಮ್ಮಲೆ. ತಂಗಿ ಮೆಗ್ದಿ, ತಮ್ಮ ಮೆಗ್ಯೆ. ತಮ್ಮಲೆ ಅನ್ನುವ ಪದ ಬಂದಾಗ ಅಲ್ಲೇ ನಿಲ್ಲಿ, ಯಾಕೆಂದರೆ ಅದರ ಹಿಂದೆ ಒಂದು ದೊಡ್ಡ ಕಥೆ ಇದೆ. ತುಳುನಾಡಿನ ಹಲವು ಸಮುದಾಯಗಳಲ್ಲಿ ಅಳಿಯಸಂತಾನ ಕಟ್ಟು ಇತ್ತು. ಆಸ್ತಿ, ಮನೆತನ ಎಲ್ಲ ತಾಯಿಯ ಕಡೆಯಿಂದ ಇಳಿಯುತ್ತಿತ್ತು, ಮನೆಯ ಯಜಮಾನಿಕೆ ಸೋದರಮಾವನದು. ಬರಿ ಅಂತ ಒಂದಿದೆ, ಗೋತ್ರದ ಹಾಗೆ. ಆದರೆ ಅದು ಬರುವುದು ತಾಯಿಯಿಂದ. ಒಂದೇ ಬರಿಯವರ ನಡುವೆ ಮದುವೆ ಇಲ್ಲ. ಹಾಸನದ ಅಪ್ಪನ ಮಗುವಾದ ನನಗೂ ಒಂದು ಬರಿ ಇದೆ ಅಂತ ತಿಳಿದದ್ದು ಈ ವಂಶವೃಕ್ಷ ಬರೆಯುವಾಗಲೇ. ಅಲ್ಲಿಯವರೆಗೆ ಊರಿನ ಮನೆಯಲ್ಲಿ ನಾನು ರಜೆಗೆ ಬರುವ ನೆಂಟ ಅಂತಲೇ ಅಂದುಕೊಂಡಿದ್ದೆ. ‘ನೀನಲ್ವಾ ಈ ಮನೆಯ ಲೆಕ್ಕ’ ಅಂದರು ಅಜ್ಜಿ.

ವಾಕ್ಯದ ಎಲುಬು

ಕನ್ನಡ ಬಲ್ಲವರಿಗೆ ತುಳುವಿನ ವಾಕ್ಯರಚನೆ ಕಷ್ಟವಿಲ್ಲ. ಪದಗಳ ಸಾಲು ಹೆಚ್ಚುಕಡಿಮೆ ಅದೇ. ನಾನು ಯಾನ್, ನೀನು ಈ, ನೀವು ಈರ್, ಅವನು ಆಯೆ, ಅವಳು ಆಳ್. ಪ್ರಶ್ನೆಗಳು: ದಾದ (ಏನು), ಏರ್ (ಯಾರು), ಓಲು (ಎಲ್ಲಿ), ಏಪ (ಯಾವಾಗ), ಎಂಚ (ಹೇಗೆ), ಏತ್ (ಎಷ್ಟು). ಇವನ್ನು ಎರಡು ದಿನದಲ್ಲಿ ಮುಗಿಸಿ.

ನಿಧಾನಿಸಬೇಕಾದ್ದು ಮೂರು ಕಡೆ.

ಮೊದಲನೆಯದು ‘ನಾವು.’ ತುಳುವಿನಲ್ಲಿ ಎರಡು ನಾವು ಇವೆ. ಕೇಳುತ್ತಿರುವವರನ್ನೂ ಸೇರಿಸಿ ಹೇಳುವಾಗ ನಮ. ಅವರನ್ನು ಬಿಟ್ಟು ಹೇಳುವಾಗ ಎಂಕುಲು. ‘ನಮ ಪೋಕ’ ಅಂದರೆ ನೀವೂ ಬನ್ನಿ, ಹೋಗೋಣ. ‘ಎಂಕುಲು ಪೋಪ’ ಅಂದರೆ ನಾವು ಹೋಗುತ್ತೇವೆ, ನೀವಿಲ್ಲ. ಜಾತ್ರೆಗೆ ಹೊರಟವರ ಎದುರು ಇದನ್ನು ಅದಲುಬದಲು ಮಾಡಿದರೆ ಒಂದೋ ಕರೆಯದವರು ಬರುತ್ತಾರೆ, ಇಲ್ಲ ಕರೆಯಬೇಕಾದವರು ಮುನಿಸಿಕೊಳ್ಳುತ್ತಾರೆ.

ಎರಡನೆಯದು ಕಿವಿಗೆ ಬಿಟ್ಟದ್ದು. ‘ಯಾನ್ ಪೋಪೆ’ ಅಂದರೆ ನಾನು ಹೋಗುತ್ತೇನೆ. ‘ಆಯೆ ಪೋಪೆ’ ಅಂದರೆ ಅವನು ಹೋಗುತ್ತಾನೆ. ಬರಹದಲ್ಲಿ ಎರಡೂ ಒಂದೇ, ಆದರೆ ಉಚ್ಚಾರ ಬೇರೆ. ‘ನಾನು’ ಬಂದಾಗ ಕೊನೆಯ ಎ ಹೇಳುವಾಗ ಬಾಯಿ ಸ್ವಲ್ಪ ಅಗಲವಾಗಿ ತೆರೆಯುತ್ತದೆ. ಇಂಗ್ಲಿಷಿನ ‘ಬ್ಯಾಟ್’ ಕಡೆಗೆ ಹೊರಟು ಅರ್ಧಕ್ಕೆ ನಿಂತ ಹಾಗೆ. ‘ಅವನು’ ಬಂದಾಗ ನಮ್ಮ ಕನ್ನಡದ ಎ. ಮಾತಿನಲ್ಲಿ ಯಾನ್, ಆಯೆ ಬಿಟ್ಟುಹೋಗುವುದೇ ಜಾಸ್ತಿ. ಆಗ ಹೋಗುವವರು ಯಾರು ಅಂತ ತಿಳಿಯಬೇಕಾದರೆ ಈ ಒಂದು ಸ್ವರವೇ ಗತಿ. ಅಗಲ ಎ ಬಂದಲ್ಲೆಲ್ಲ ನಾನು ನೋಟ್‌ಬುಕ್ಕಿನಲ್ಲಿ ಅಡಿಗೆರೆ ಎಳೆಯುತ್ತೇನೆ. ಇಲ್ಲ್, ಯಾನ್ ಮುಂತಾದ ಪದಗಳ ಕೊನೆಗೂ ಬರೀ ವ್ಯಂಜನ ಇಲ್ಲ. ತುಟಿ ದುಂಡಗೆ ಮಾಡದೆ ಹೇಳುವ ಒಂದು ಅರೆ ಉಕಾರ ಇದೆ. ಪುಸ್ತಕ ನೋಡಿ ಕಲಿತವರು ಸಿಕ್ಕಿಬೀಳುವುದು ಇಲ್ಲೇ.

ಮೂರನೆಯದು ಮರ್ಯಾದೆ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಹಿರಿಯರಿಂದ ಭಾಷೆ ಕಲಿಯುವಾಗ ನಿಮ್ಮ ಕಿವಿಗೆ ಬೀಳುವುದು ಕಿರಿಯರಿಗೆ ಆಡುವ ಮಾತು ಮಾತ್ರ. ಅಜ್ಜಿ ನನಗೆ ‘ಬಲ, ಕುಲ್ಲು’ ಅನ್ನುತ್ತಾರೆ. ಬಾ, ಕೂತುಕೋ. ನಾನು ಅದನ್ನೇ ಕಲಿತು ಮನೆಗೆ ಬಂದ ಹಿರಿಯರೊಬ್ಬರಿಗೆ ನಗುನಗುತ್ತಾ ‘ಬಲ, ಕುಲ್ಲು’ ಅಂದೆ! ಹೇಳಬೇಕಾಗಿದ್ದು ‘ಬಲೆ, ಕುಲ್ಲುಲೆ.’ ಅವರು ದೊಡ್ಡ ಮನಸ್ಸಿನವರು, ಕೂತರು. ಆದ್ದರಿಂದ ಅಜ್ಜಿ ನಿಮಗೆ ಹೇಳುವುದನ್ನಷ್ಟೇ ಕೇಳಬೇಡಿ. ನಿಮ್ಮ ಅಮ್ಮ, ಮಾವ ಅಜ್ಜಿಯ ಜತೆ ಹೇಗೆ ಮಾತಾಡುತ್ತಾರೆ ಅನ್ನೋದನ್ನೂ ರೆಕಾರ್ಡ್ ಮಾಡಿಕೊಳ್ಳಿ. ನೀವು ಆಡಬೇಕಾದ ತುಳು ಅದು.

ಇನ್ನು ‘ಇಲ್ಲ’ಗಳು. ಇಜ್ಜಿ (ಇಲ್ಲ), ಅತ್ತ್ (ಅಲ್ಲ), ಬೊಡ್ಚಿ (ಬೇಡ). ಕ್ರಿಯಾಪದಕ್ಕಾದರೆ ಪೋಪುಜಿ (ಹೋಗುವುದಿಲ್ಲ), ಬರ್ಪುಜಿ (ಬರುವುದಿಲ್ಲ). ಬೇಕು ಅನ್ನೋದಕ್ಕೆ ಬೋಡು. ಸಾಕು ಅನ್ನೋದಕ್ಕೆ ಯಾವು. ಕೊನೆಯದನ್ನು ಮೊದಲು ಕಲಿಯಿರಿ. ಊಟಕ್ಕೆ ಕೂತಾಗ ಯಾವು ಅನ್ನಲು ಬಾರದಿದ್ದರೆ ಎಲೆ ಖಾಲಿಯಾಗುವುದೇ ಇಲ್ಲ.

ಕನ್ನಡವೇ ದಾರಿ ತಪ್ಪಿಸುವ ಕಡೆ

ನೆರೆಯ ಭಾಷೆ ಆದ್ದರಿಂದ ಅರ್ಧ ಪದಗಳು ತಿಳಿದವೇ. ಉಳಿದ ಕೆಲವು ವೇಷ ಹಾಕಿಕೊಂಡು ಬರುತ್ತವೆ. ಕಂಡ ಅಂದರೆ ಗದ್ದೆ, ನೋಡಿದ ಅಂತಲ್ಲ. ಕೋಡೆ ಅಂದರೆ ನಿನ್ನೆ. ಇನಿ ಅಂದರೆ ಇವತ್ತು, ಕನ್ನಡದ ಇನಿಯನಿಗೂ ಇದಕ್ಕೂ ಸಂಬಂಧವಿಲ್ಲ. ಎಲ್ಲೆ ಅಂದರೆ ನಾಳೆ. ‘ಎಲ್ಲೆ ಬರ್ಪೆ’ ಅಂದರೆ ನಾಳೆ ಬರುತ್ತೇನೆ. ನನ ಅಂದರೆ ಇನ್ನು. ಬಾಲೆ ಅಂದರೆ ಮಗು, ಗಂಡಾದರೂ ಹೆಣ್ಣಾದರೂ. ಕಾರ್ ಅಂದರೆ ಕಾಲು. ಇಂಥವನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬೇರೆಯಾಗಿ ಬರೆದಿಡಿ. ನನ್ನ ಪಟ್ಟಿ ಈಗ ಎರಡು ಪುಟ ದಾಟಿದೆ.

ನಗುವವರ ಬಗ್ಗೆ

ನಗುತ್ತಾರೆ. ಅಪರಿಚಿತರು ಕಲಿತರೆ ಎಲ್ಲರೂ ಮೆಚ್ಚುತ್ತಾರೆ. ಬೆಲ್ಜಿಯಂನವರೊಬ್ಬರು ‘ಎಂಚ ಉಲ್ಲರ್?’ (ಹೇಗಿದ್ದೀರಿ?) ಅಂದರೆ ಚಪ್ಪಾಳೆ. ನೀವು ಅಂದರೆ, ‘ನೋಡು, ಬೆಂಗಳೂರಿನ ತುಳು!’ ಮನೆಯವರು ನಕ್ಕಾಗ ನೋಯುವುದು ಜಾಸ್ತಿ, ಯಾಕೆಂದರೆ ಅದು ನಿಮಗೆ ಹುಟ್ಟಿನಿಂದಲೇ ಬರಬೇಕಿತ್ತು ಅನ್ನುವ ಮಾತು ಆ ನಗುವಿನಲ್ಲಿರುತ್ತದೆ. ನನ್ನ ವಾರಿಗೆಯ ಅಣ್ಣತಮ್ಮಂದಿರ ನಗುವಿಗೇ ನಾನು ಎರಡು ತಿಂಗಳು ಬಾಯಿ ಮುಚ್ಚಿದ್ದೆ. ಮತ್ತೆ ಶುರು ಮಾಡಿದ್ದು ಬೇರೆ ದಾರಿಯಲ್ಲಿ. ಎದುರಿಗೆ ಬೇಡ, ವಾಯ್ಸ್ ಮೆಸೇಜ್. ಕಳಿಸುವ ಮೊದಲು ಐದು ಸಲ ಹೇಳಿ ನೋಡಬಹುದು, ಚೆನ್ನಾಗಿಲ್ಲದ್ದನ್ನು ಅಳಿಸಬಹುದು. ನಕ್ಕರೂ ನಮಗೆ ಕೇಳಿಸುವುದಿಲ್ಲ. ಮುಂಬೈಯಲ್ಲಿರುವ ಚಿಕ್ಕಮ್ಮನ ಮಗಳಿಗೂ ನನ್ನದೇ ಪಾಡು ಅಂತ ತಿಳಿದ ಮೇಲೆ ಇಬ್ಬರೂ ತಪ್ಪುತಪ್ಪಾಗಿ ಒಬ್ಬರಿಗೊಬ್ಬರು ಮೆಸೇಜ್ ಕಳಿಸತೊಡಗಿದೆವು. ತಪ್ಪು ಮಾತಾಡಲು ಒಬ್ಬ ಜೊತೆಗಾರರು ಬೇಕೇ ಬೇಕು.

ಪುಸ್ತಕ, ಲಿಪಿ, ಆ್ಯಪ್

ಎರಡು ಮೂರು ತಿಂಗಳ ನಂತರ, ಅದಕ್ಕೂ ಮೊದಲು ಬೇಡ. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರ ನಡುವೆ 6 ಸಂಪುಟಗಳಲ್ಲಿ ತಂದ ತುಳು ನಿಘಂಟು ಇದೆ, ಯು. ಪಿ. ಉಪಾಧ್ಯಾಯರ ಸಂಪಾದಕತ್ವದ್ದು. ಒಂದೇ ಪದದ ಊರೂರಿನ ರೂಪಗಳು ಅದರಲ್ಲಿ ಸಿಗುತ್ತವೆ. ನಿಮ್ಮ ಅಜ್ಜಿಯ ರೂಪ ಅಲ್ಲಿ ಅಚ್ಚಾಗಿರುವುದನ್ನು ಅವರಿಗೆ ತೋರಿಸಿ. ನನ್ನ ಅಜ್ಜಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಅಚ್ಚುಹಾಕಿದ, ಮ್ಯಾನರ್ ಅವರ 1886ರ ತುಳು–ಇಂಗ್ಲಿಷ್ ನಿಘಂಟು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಈಗ ಬಳಕೆ ತಪ್ಪಿದ ಅಡುಗೆಮನೆ, ಗದ್ದೆಯ ಪದಗಳಿಗೆ ಅದು ಒಳ್ಳೆಯದು. ಸುಮ್ನೆ ಓದುವುದಕ್ಕೆ 2016ರಲ್ಲಿ ಶುರುವಾದ ತುಳು ವಿಕಿಪೀಡಿಯ ಇದೆ.

ಗೂಗಲ್ ಟ್ರಾನ್ಸ್‌ಲೇಟ್‌ಗೆ 2024ರಲ್ಲಿ ತುಳು ಸೇರಿದೆ. ಅದರಲ್ಲಿ ಬಂದ ವಾಕ್ಯವನ್ನು ನೇರ ಊರಿಗೆ ಕಳಿಸಬೇಡಿ. ಅದು ಯಾರ ತುಳುವೂ ಅಲ್ಲ.

ತುಳು ಲಿಪಿ ಕಲಿಯಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ತುಳು–ತಿಗಳಾರಿ ಲಿಪಿ 2024ರಲ್ಲಿ ಕಂಪ್ಯೂಟರ್, ಮೊಬೈಲ್‌ಗಳ ಅಕ್ಷರಪಟ್ಟಿಯಾದ ಯೂನಿಕೋಡ್‌ಗೂ ಸೇರಿತು, ಖುಷಿಯ ವಿಷಯ. ಆದರೆ ಹಿಂದೆ ಆ ಲಿಪಿ ಹೆಚ್ಚಾಗಿ ಬಳಕೆಯಾದದ್ದು ಸಂಸ್ಕೃತ ಗ್ರಂಥಗಳನ್ನು ಬರೆಯಲು. ತುಳು ಪುಸ್ತಕಗಳು 19ನೇ ಶತಮಾನದಿಂದಲೂ ಅಚ್ಚಾಗುತ್ತಿರುವುದು ಹೆಚ್ಚಾಗಿ ಕನ್ನಡ ಲಿಪಿಯಲ್ಲಿ. ಮಾತು ಬರುವ ಮೊದಲೇ ಲಿಪಿ ಕಲಿತವರು ನನ್ನ ಪರಿಚಯದಲ್ಲಿದ್ದಾರೆ. ಹೆಸರನ್ನು ಚೆನ್ನಾಗಿ ಬರೆಯುತ್ತಾರೆ, ನೀರು ಕೇಳಲು ಬರುವುದಿಲ್ಲ.

ಪಾಡ್ದನ (ದೈವಗಳ, ವೀರರ ಕಥೆ ಹೇಳುವ ಹಾಡು), ಕೋಲದ (ದೈವಾರಾಧನೆಯ) ಹೊತ್ತಿನ ದೈವದ ನುಡಿ ಇವೆಲ್ಲ ಆಸೆ ಹುಟ್ಟಿಸುತ್ತವೆ. ಅವುಗಳ ತುಳು ಹಳೆಯದು, ಬಿಗಿ. ಊರಿನವರಿಗೇ ಕೆಲವೊಮ್ಮೆ ಪೂರ್ತಿ ತಿಳಿಯುವುದಿಲ್ಲ. ಮೊದಲ ವರ್ಷ ಅಲ್ಲಿ ಸುಮ್ನೆ ನಿಂತು ಕೇಳಿ.

ನಿಮ್ಮ ಮನೆಮಾತು ಕನ್ನಡದ್ದೇ ಒಂದು ಬಗೆಯಾದರೆ

ಇದು ಸುಲಭ ಅನಿಸುತ್ತದೆ, ನಿಜಕ್ಕೂ ಜಾಸ್ತಿ ಕಷ್ಟ. ಹವ್ಯಕ ಕನ್ನಡ, ಕುಂದಾಪುರದ ಕನ್ನಡ, ಧಾರವಾಡದ ಕಡೆಯ ಮಾತು ಬಿಟ್ಟುಹೋದವರಿಗೆ ‘ನನಗೆ ಕನ್ನಡ ಬರುತ್ತಲ್ಲ’ ಅನ್ನುವ ಭ್ರಮೆ ಇರುತ್ತದೆ. ಹವ್ಯಕದಲ್ಲೂ ತುಳುವಿನ ಹಾಗೆ ಎರಡು ನಾವು ಇವೆ: ಎಂಗೊ ಮತ್ತು ನಾವು. ಹೆಂಗಸರ ಬಗ್ಗೆ ಹೇಳುವಾಗ ‘ಅದು ಬಂತು’ ಅನ್ನುತ್ತಾರೆ, ಅದರಲ್ಲಿ ತಾತ್ಸಾರ ಏನೂ ಇಲ್ಲ. ನಾನು ಅನ್ನುವ ಆನು, ನನ್ನ ಅನ್ನುವ ಎನ್ನ ಹಳಗನ್ನಡದಿಂದ ಹಾಗೇ ಉಳಿದು ಬಂದವು. ಕುಂದಾಪುರದವರ ಹೋಯ್ಕ್, ಮಾಡ್ಕ್ ಅಂದರೆ ಹೋಗಬೇಕು, ಮಾಡಬೇಕು. ಇವಕ್ಕೂ ಮೇಲಿನ ಕ್ರಮವೇ: ಒಬ್ಬರು, 15 ನಿಮಿಷ, ರೆಕಾರ್ಡಿಂಗ್. ಒಂದು ಎಚ್ಚರಿಕೆ ಮಾತ್ರ. ಅವರ ಮಾತನ್ನು ಬರೆದುಕೊಳ್ಳುವಾಗ ನಿಮ್ಮ ಕೈ ತಾನಾಗಿ ಪುಸ್ತಕದ ಕನ್ನಡಕ್ಕೆ ತಿದ್ದುತ್ತದೆ. ಕೇಳಿದ ಹಾಗೇ ಬರೆಯಿರಿ.

ಹಿರಿಯರು ಯಾರೂ ಇಲ್ಲದಿದ್ದರೆ, ಮಕ್ಕಳಿದ್ದರೆ

ಅಜ್ಜಿ ಇಲ್ಲದವರು ಅಜ್ಜಿಯ ಊರಿನ, ಅಜ್ಜಿಯ ವಾರಿಗೆಯ ಇನ್ನೊಬ್ಬರನ್ನು ಹುಡುಕಬೇಕು. ಅಮ್ಮನ ಸೋದರಸಂಬಂಧಿ, ಪಕ್ಕದ ಮನೆಯವರು, ಮನೆಗೆಲಸಕ್ಕೆ ಬರುತ್ತಿದ್ದವರು. ಬೆಂಗಳೂರು, ಮುಂಬೈಗಳಲ್ಲಿ ಊರಿನವರ ಸಂಘಗಳಿವೆ. ಅಲ್ಲಿ ಭಾಷಣ ಕೇಳುವುದು ಬಿಟ್ಟು, ಊಟದ ಪಂಕ್ತಿಯಲ್ಲಿ ಹಿರಿಯರ ಪಕ್ಕ ಕೂತುಕೊಳ್ಳಿ.

ಮಕ್ಕಳ ಜತೆ ಇಡೀ ದಿನ ತುಳು ಮಾತಾಡುತ್ತೇನೆ ಅಂತ ಹೊರಟರೆ ಮೂರು ದಿನಕ್ಕೆ ಕೈಬಿಡುತ್ತೀರಿ. ನಿಮಗೇ ಅಷ್ಟು ಪದಗಳಿಲ್ಲವಲ್ಲ! ಒಂದು ಜಾಗ ಆರಿಸಿಕೊಳ್ಳಿ. ನಾನು ಆರಿಸಿದ್ದು ಬಚ್ಚಲುಮನೆ. ‘ಮೀಯರೆ ಬಲ’ ಅಂದರೆ ಸ್ನಾನಕ್ಕೆ ಬಾ. ತರೆ, ಕೆಬಿ (ಕಿವಿ), ಮೂಂಕು (ಮೂಗು), ಬಂಜಿ (ಹೊಟ್ಟೆ), ಕೈ, ಕಾರ್. ದಿನಾ ಅದೇ ಮೈ, ಅದೇ ನೀರು, ಅದೇ ಹತ್ತಿಪ್ಪತ್ತು ಪದ. ‘ಕಾರ್ ದೆಕ್ಕ್’ ಅಂದಾಗಲೆಲ್ಲ ನಾಲ್ಕು ವರ್ಷದ ಮಗಳು ಪ್ಲಾಸ್ಟಿಕ್ ಕಾರನ್ನು ತೊಳೆದು ಆಮೇಲೆ ಕಾಲು ಚಾಚುತ್ತಾಳೆ. ತಲೆಗೆ ನೀರು ಹೊಯ್ದು ಮುಗಿಯುವ ಮೊದಲೇ ‘ಯಾವು! ಯಾವು!’ ಅಂತ ಕೂಗುತ್ತಾಳೆ.

ಹೋದ ಸಲ ಊರಿಗೆ ಹೋದಾಗ ರಾತ್ರಿ ಊಟಕ್ಕೆ ಅವಳನ್ನು ಅಜ್ಜಿಯ ಪಕ್ಕ ಕೂರಿಸಿದ್ದೆವು. ಅಜ್ಜಿ ಎರಡನೇ ಸಲ ಅನ್ನ ಹಾಕಲು ಬಂದಾಗ ಅವಳು ತಟ್ಟೆಗೆ ಕೈ ಅಡ್ಡ ಹಿಡಿದು ‘ಯಾವು’ ಅಂದಳು. ಅಜ್ಜಿಯ ಕೈ ಅಲ್ಲೇ ನಿಂತಿತು. ನನ್ನ ಮುಖ ನೋಡಿದರು, ಅಮ್ಮನ ಮುಖ ನೋಡಿದರು. ಆಮೇಲೆ ಮಗುವಿನ ಕೈ ಸರಿಸಿ ಇನ್ನೊಂದು ಸೌಟು ಹಾಕಿದರು.